ಹತ್ಯಾರದ ಹದ, ಮಷೀನಿನ ರಿಪೇರಿ: ಮೂರು ತಾಲ್ಲೂಕುಗಳ ಕಸುಬುದಾರರಿಗೆ ಬಹಿರಂಗ ಪತ್ರ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಬಡಿಗೇರರು, ಕಂಬಾರರು, ಗೌಂಡಿಗಳು, ಗೊಂಬೆ ಕೆತ್ತುವ ಜೀನಗಾರರು, ವೆಲ್ಡಿಂಗ್ ಶೆಡ್ಡಿನವರು ಮತ್ತು ಪಂಪ್‌ಸೆಟ್ ಫಿಟ್ಟರುಗಳಿಗೆ,

ಹತ್ಯಾರದ ಬೆಲೆ ಅಂಗಡಿಯ ಬಿಲ್ಲಿನಲ್ಲಿ ಪೂರ್ತಿ ಕಾಣುವುದಿಲ್ಲ. ಅದು ಕೆಟ್ಟು ನಿಂತ ದಿನಗಳ ಪಗಾರವೂ ಅದರ ಬೆಲೆಯೇ. ಕಬ್ಬಿನ ಹಂಗಾಮಿನಲ್ಲಿ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಲಿಯ ಕೊಂಡಿ ಮುರಿದರೆ ವೆಲ್ಡಿಂಗ್ ಶೆಡ್ಡಿನ ಗ್ರೈಂಡರ್ ಅವತ್ತೇ ನಡೆಯಬೇಕು, ನಾಳೆಗಲ್ಲ. ಫರಸಿ ಕೂಡಿಸುವ ಗೌಂಡಿಯ ಕಟರ್ ನಡುವೆ ಕೈಕೊಟ್ಟರೆ ಕೂತ ಆಳಿಗೂ ಕೂಲಿ ಕೊಡಬೇಕು. ಸಾವಿರ ರೂಪಾಯಿ ಉಳಿಸಿ ತಂದ ಮಷೀನು ಒಂದು ಸ್ವಿಚ್ ಸಿಗದೆ ಎಂಟು ದಿನ ಮೂಲೆ ಹಿಡಿದರೆ ಆ ಉಳಿತಾಯದ ಲೆಕ್ಕ ಅಲ್ಲಿಗೇ ಮುಗಿಯಿತು. ಆದ್ದರಿಂದ ಕರೆಂಟಿನ ಮಷೀನು ಕೊಳ್ಳುವಾಗ ಅದನ್ನು ಯಾರು ಬಿಚ್ಚಿ ಕಟ್ಟಿಕೊಡುತ್ತಾರೆ ಎಂಬುದು ಮೊದಲ ಪ್ರಶ್ನೆ, ಯಾವ ಕಂಪನಿ ಎಂಬುದು ಎರಡನೆಯದು. ಕೈಹತ್ಯಾರದಲ್ಲಿ ಇದು ತಿರುವುಮುರುವು. ಅಲ್ಲಿ ರಿಪೇರಿ ಊರಲ್ಲೇ ಆಗುತ್ತದೆ, ನೋಡಬೇಕಾದದ್ದು ಉಕ್ಕನ್ನು.

ಉಕ್ಕಿನ ಗುಣ ಎರಡರಲ್ಲಿದೆ: ಅದರಲ್ಲಿ ಏನು ಬೆರೆತಿದೆ, ಅದಕ್ಕೆ ಎಂಥ ಹದ ಕೊಟ್ಟಿದ್ದಾರೆ. ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದ ಉಕ್ಕು ಗಾಜಿನಂತೆ ಗಡುಸಾಗುತ್ತದೆ, ಹಾಗೇ ಬಿಟ್ಟರೆ ಒಂದೇ ಪೆಟ್ಟಿಗೆ ಚಿಟಕ್ಕನೆ ಮುರಿಯುತ್ತದೆ. ಅದಕ್ಕೇ ಅದನ್ನು ಮತ್ತೆ ಹಗುರಾಗಿ ಕಾಯಿಸುತ್ತಾರೆ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕಿನ ಮೇಲೆ ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ ಬಣ್ಣ ಬರುತ್ತದೆ, ಆಮೇಲೆ ಕಂದು, ನೇರಳೆ, 300 ಡಿಗ್ರಿಯ ಹತ್ತಿರ ನೀಲಿ. ಕಟ್ಟಿಗೆಯ ಉಳಿಗೆ ಹಳದಿಯಲ್ಲೇ ನಿಲ್ಲಿಸಬೇಕು. ಪೆಟ್ಟು ತಿನ್ನುವ, ಬಾಗಿ ಮರಳುವ ಹತ್ಯಾರಕ್ಕೆ ನೇರಳೆ, ನೀಲಿಯವರೆಗೆ ಹೋಗಬಹುದು. ಕುಲುಮೆಯ ಮುಂದೆ ಕೂತ ಕಂಬಾರರಿಗೆ ಇದು ಹೊಸ ವಿಷಯವೇನಲ್ಲ. ಹೊಸ ತಪ್ಪು ಎಂದರೆ ಬೆಂಚ್ ಗ್ರೈಂಡರಿಗೆ ಉಳಿಯನ್ನು ಒತ್ತಿ ಹಿಡಿಯುವುದು. ನೀರಿಗೆ ಅದ್ದದೆ ಮಸೆದರೆ ತುದಿಯಲ್ಲಿ ಕಣ್ಣಿಗೆ ಕಾಣುವಂತೆ ನೀಲಿ ಹಾಯುತ್ತದೆ. ಹಾಗೆ ನೀಲಿಯಾದ ಭಾಗದ ಹದ ಹೋಯಿತು. ಆಮೇಲೆ ಎಷ್ಟು ಸಾಣೆ ಹಿಡಿದರೂ ಬಾಯಿ ನಿಲ್ಲುವುದಿಲ್ಲ, ಅಷ್ಟನ್ನೂ ನಿಧಾನ ತೇಯ್ದು ತೆಗೆಯಬೇಕು. ಅಂಗಡಿಯವನ ಮೇಲೆ ಹೊರಿಸುವ ಎಷ್ಟೋ ದೂರಿನ ಮೂಲ ಇಲ್ಲಿದೆ.

ಗೋಕಾಕದ ಗೊಂಬೆ ಕೆಲಸಕ್ಕೆ ಇದರ ಮೇಲೆ ಇನ್ನೊಂದು ಮಾತು ಸೇರಬೇಕು. ಹಣ್ಣು, ತರಕಾರಿ, ದೇವರು, ಪ್ರಾಣಿಗಳನ್ನು ಕೆತ್ತುವುದು ಹಗುರವಾದ ಮೆದು ಕಟ್ಟಿಗೆಯಲ್ಲಿ. ಸಾಗುವಾನಿಯನ್ನು ಮೊಂಡ ಉಳಿಯೂ ಹೇಗೋ ಕಡಿಯುತ್ತದೆ. ಮೆದು ಕಟ್ಟಿಗೆ ಕಡಿಯುವ ಬದಲು ಒತ್ತಿ ಜಜ್ಜಿಹೋಗುತ್ತದೆ, ಎಳೆ ಕಿತ್ತು ಬರುತ್ತದೆ, ಬಣ್ಣ ಹಚ್ಚಿದ ಮೇಲೂ ಆ ಗಾಯ ಎದ್ದು ಕಾಣುತ್ತದೆ. ಬಡಿಗೇರರ ಉಳಿಗೆ 25ರಿಂದ 30 ಡಿಗ್ರಿ ಇಳಿಜಾರು ಸರಿ. ಮೆದು ಕಟ್ಟಿಗೆಯನ್ನು ಕೈಒತ್ತಿನಲ್ಲೇ ಕೆತ್ತುವ ಉಳಿಗೆ 20ರ ಆಸುಪಾಸು ಬೇಕು. ಅಷ್ಟು ತೆಳ್ಳಗಿನ ಬಾಯಿ ಮಡಚದೆ ನಿಲ್ಲಬೇಕಾದರೆ ಉಕ್ಕು ಒಳ್ಳೆಯದೇ ಇರಬೇಕು. ಹತ್ತು ಉಳಿಗಳ ಅಗ್ಗದ ಡಬ್ಬಿಗಿಂತ ಮೂರು ಒಳ್ಳೆಯ ಉಳಿ ಮೇಲು ಎನ್ನುವುದಕ್ಕೆ ಕಾರಣ ಇದೇ. ಹಳೆಯ ಅರವನ್ನು ಬಡಿದು ಉಳಿ ಮಾಡಿಸುವ ರೂಢಿಯೂ ಕೆಟ್ಟದ್ದಲ್ಲ, ಅರದ ಉಕ್ಕಿನಲ್ಲಿ ಇಂಗಾಲ ಸಾಕಷ್ಟಿದೆ. ಹದ ಹಾಕುವ ಕೈ ಮಾತ್ರ ಬಲ್ಲ ಕೈ ಆಗಿರಬೇಕು.

ಕಬ್ಬು ಕಡಿಯುವ ಕೊಯ್ತಾ, ಕುಡಗೋಲು, ಕೊಡಲಿ, ಸಲಕಿ ಇವುಗಳಲ್ಲಿ ಊರ ಕಂಬಾರನದೇ ಮೇಲುಗೈ. ಲಾರಿಯ ಸ್ಪ್ರಿಂಗ್ ಪಾಟಾದಿಂದ ಮಾಡಿದ ಕೊಯ್ತಾ ಪೇಟೆಯ ತಗಡಿನ ಕೊಯ್ತಾಕ್ಕಿಂತ ಬಹಳ ದಿನ ಬಾಳುತ್ತದೆ, ಏಕೆಂದರೆ ಪಾಟಾ ಹುಟ್ಟಿನಿಂದಲೇ ಹದ ಹಿಡಿಯುವ ಉಕ್ಕು. ಮುಕ್ಕಾದರೆ ಕಾಯಿಸಿ ಹಣಿಸಿಕೊಂಡು ಬರಬಹುದು. ಮಾರಾಟದ ನಂತರದ ಸೇವೆ ಎಂದು ಕಂಪನಿಗಳು ಈಗ ಹೇಳುವುದನ್ನು ಈ ಕುಲುಮೆಗಳು ಮೊದಲಿನಿಂದ ಮಾಡುತ್ತಲೇ ಬಂದಿವೆ. ಹಿಡಿಕೆಗೆ ಜಾಲಿ ಕಟ್ಟಿಗೆ ಒಳ್ಳೆಯದು. ಎಳೆ ಹಿಡಿಕೆಯ ಉದ್ದಕ್ಕೂ ನೆಟ್ಟಗೆ ಓಡಿರಬೇಕು, ಅಡ್ಡ ಹಾಯ್ದಿದ್ದರೆ ಆ ಸುತ್ತಿಗೆಯನ್ನು ಅಲ್ಲೇ ಇಟ್ಟು ಬರಬೇಕು.

ಪೇಟೆಯ ಹತ್ಯಾರಗಳಲ್ಲಿ ಪಕ್ಕಡ, ಪಾನಾ, ಸ್ಕ್ರೂಡ್ರೈವರುಗಳ ಮೇಲೆ ‘ಕ್ರೋಮ್ ವೆನೇಡಿಯಂ’ ಎಂದು ಕೆತ್ತಿರುತ್ತದೆ. ಕೆತ್ತುವುದಕ್ಕೆ ಖರ್ಚಿಲ್ಲ, ಅಕ್ಷರವನ್ನು ಯಾರು ಬೇಕಾದರೂ ಕೆತ್ತಬಹುದು. ಕೌಂಟರಿನಲ್ಲೇ ಮಾಡಬಹುದಾದ ಪರೀಕ್ಷೆಗಳು ಬೇರೆ ಇವೆ. ಪಕ್ಕಡದ ಬಾಯಿ ಮುಚ್ಚಿ ಬೆಳಕಿಗೆ ಹಿಡಿದರೆ ಕತ್ತರಿಸುವ ಅಂಚುಗಳ ನಡುವೆ ಬೆಳಕು ತೂರಬಾರದು. ಅದೇ ಅಂಚಿನಲ್ಲಿ ಒಂದು ಹಾಳೆ ಕತ್ತರಿಸಿದರೆ ಚೊಕ್ಕ ತುಂಡಾಗಬೇಕು. ಕೀಲು ಸಡಿಲವಿಲ್ಲದೆ ಸರಾಗ ಆಡಬೇಕು. ಪಾನಾ ಕೊಳ್ಳುವಾಗ ಜೇಬಿನಲ್ಲಿ ಒಂದು ಹೊಸ ಬೋಲ್ಟ್ ಇರಲಿ: 10 ಎಂಎಂ ಬೋಲ್ಟಿನ ತಲೆಗೆ 17ರ, 12 ಎಂಎಂ ಬೋಲ್ಟಿಗೆ 19ರ ಪಾನಾ ಅಲುಗಾಡದೆ ಕೂಡಬೇಕು. ಸಡಿಲ ಪಾನಾ ಮೊದಲು ನಟ್ಟಿನ ಮೂಲೆ ತಿನ್ನುತ್ತದೆ, ಆಮೇಲೆ ಫಿಟ್ಟರನ ಗೆಣ್ಣು. ಅರದ ತುದಿಯನ್ನು ಹತ್ಯಾರದ ಮೇಲೆ ಹಗುರಾಗಿ ಎಳೆದು ನೋಡುವುದು ಹಳೆಯ ಪರೀಕ್ಷೆ. ಉಳಿಯ ಬಾಯಿಯ ಮೇಲೆ ಅರ ಜಾರಬೇಕು, ಸುತ್ತಿಗೆಯ ಮುಖದ ಮೇಲೆ ಸ್ವಲ್ಪ ಹಿಡಿಯಬೇಕು. ಸುತ್ತಿಗೆ ಉಳಿಯಷ್ಟೇ ಗಡುಸಿದ್ದರೆ ಚಕ್ಕೆ ಸಿಡಿದು ಕಣ್ಣಿಗೆ ಹೋಗುತ್ತದೆ. ವೈರಿಂಗ್ ಕೆಲಸದ ಪಕ್ಕಡಕ್ಕೆ ದಪ್ಪ ರಬ್ಬರ್ ಹಿಡಿಕೆ ಇದ್ದರೆ ಸಾಲದು. ಎರಡು ತ್ರಿಕೋನಗಳ ಗುರುತು ಮತ್ತು 1000 ವೋಲ್ಟ್ ಎಂಬ ಬರಹ ಇದ್ದದ್ದೇ ವಿದ್ಯುತ್ ಕೆಲಸದ್ದು, ಉಳಿದವು ಹಿಡಿಯಲು ಮೆತ್ತಗಿರಲೆಂದು ಹಾಕಿದ ರಬ್ಬರ್ ಅಷ್ಟೇ. ಹ್ಯಾಕ್ಸಾ ಬ್ಲೇಡಿನಲ್ಲಿ ಇಂಚಿಗೆ 18, 24, 32 ಹಲ್ಲುಗಳವು ಸಿಗುತ್ತವೆ. ಕಡಿಯುವ ದಪ್ಪದ ಮೇಲೆ ಯಾವಾಗಲೂ ಮೂರು ಹಲ್ಲಾದರೂ ಕೂತಿರಬೇಕು, ಹಾಗಾಗಿ ತೆಳು ಪೈಪಿಗೆ 32, ಆ್ಯಂಗಲಿಗೆ 24, ಗಟ್ಟಿ ಸಳಿಗೆ 18.

ಇನ್ನು ಕರೆಂಟಿನ ಮಷೀನುಗಳು. ಇವುಗಳಲ್ಲಿ ಜಾಹೀರಾತಿನ ಚಿತ್ರಕ್ಕಿಂತ ಮೈಗೆ ಅಂಟಿಸಿದ ನೇಮ್‌ಪ್ಲೇಟ್ ಮುಖ್ಯ. ಅದರ ಮೇಲಿನ ವ್ಯಾಟ್ ಎಂದರೆ ಮಷೀನು ಎಳೆಯುವ ಕರೆಂಟು, ಕೊಡುವ ಬಲವಲ್ಲ. ಒಂದೇ ವ್ಯಾಟಿನ ಎರಡು ಗ್ರೈಂಡರುಗಳಲ್ಲಿ ಒಂದು ಕೆಲಸಕ್ಕೆ, ಇನ್ನೊಂದು ಕಾವಿಗೆ ಕರೆಂಟು ಕಳೆಯಬಹುದು. ಚೌಕದೊಳಗೆ ಚೌಕದ ಗುರುತಿದ್ದರೆ ಡಬಲ್ ಇನ್ಸುಲೇಶನ್, ಅದಕ್ಕೆ ಎರಡು ಪಿನ್ನು ಸಾಕು. ಆ ಗುರುತಿಲ್ಲದ ಮಷೀನಿನ ಮೂರನೆಯ ಪಿನ್ನು ಮುರಿದು ಹಾಕುವುದು ಜೀವಕ್ಕೆ ಎರವು. ಕೆಲವು ಕಂಪನಿಗಳು ಮನೆಯ ಬಳಕೆಗೆ ಬೇರೆ, ಕಸುಬಿಗೆ ಬೇರೆ ಸಾಲು ತಯಾರಿಸುತ್ತವೆ. ಬಾಷ್‌ನಲ್ಲಿ ಹಸಿರು ಮನೆಯದು, ನೀಲಿ ಕಸುಬಿನದು. ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿಯಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಮನೆಗೆ, ಡಿವಾಲ್ಟ್ ಕಸುಬಿಗೆ. ಮನೆಯ ಡ್ರಿಲ್ ಕೆಟ್ಟದ್ದಲ್ಲ, ದಿನವಿಡೀ ಓಡಲು ಮಾಡಿದ್ದಲ್ಲ.

ಬಹಳ ಮಾರುವುದೂ ಬಹಳ ಗಾಯ ಮಾಡುವುದೂ ಆ್ಯಂಗಲ್ ಗ್ರೈಂಡರ್. ನಾಲ್ಕಿಂಚಿನ, ಅಂದರೆ 100 ಎಂಎಂ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಡಿಸ್ಕಿನ ಅಂಚು ಸೆಕೆಂಡಿಗೆ 58 ಮೀಟರ್ ಓಡುತ್ತಿರುತ್ತದೆ. ಸಾಮಾನ್ಯ ಡಿಸ್ಕಿನ ಮೇಲೆ ಮುದ್ರಿಸಿರುವ ಗರಿಷ್ಠ ವೇಗ ಸೆಕೆಂಡಿಗೆ 80 ಮೀಟರ್. ‘ಬೇಗ ಕಡಿಯುತ್ತದೆ’ ಎಂದು ಗಾರ್ಡ್ ಬಿಚ್ಚಿ ಅದೇ ಮಷೀನಿಗೆ ಏಳಿಂಚಿನ, 180 ಎಂಎಂ ಡಿಸ್ಕು ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 104 ಮೀಟರಿಗೆ ಏರುತ್ತದೆ, ಗಂಟೆಗೆ 370 ಕಿಲೋಮೀಟರಿಗಿಂತ ಹೆಚ್ಚು. ಅಲ್ಲಿ ಡಿಸ್ಕು ಒಡೆಯದಿದ್ದರೆ ಅದು ಅದೃಷ್ಟ. ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತದೆ. ಅಂಟಿನಿಂದ ಕಟ್ಟಿದ ಡಿಸ್ಕಿಗೆ ತಯಾರಾದಾಗಿನಿಂದ ಮೂರು ವರ್ಷದ ಆಯುಷ್ಯ, ತೇವ ಹಿಡಿದದ್ದಕ್ಕೆ ಅಷ್ಟೂ ಇಲ್ಲ. ರಿಯಾಯತಿ ಎಂದು ಗಂಟು ಕಟ್ಟಿ ಕೊಡುವ ಡಿಸ್ಕುಗಳಲ್ಲಿ ಮೊದಲು ನೋಡಬೇಕಾದದ್ದು ಆ ಬಳೆ. ಸ್ವಿಚ್ಚಿನ ಮಾದರಿಯೂ ಗಮನಿಸುವಂಥದ್ದು. ಜಾರಿಸಿ ಲಾಕ್ ಮಾಡುವ ಸ್ವಿಚ್ಚಿನ ಗ್ರೈಂಡರ್ ಕರೆಂಟು ಹೋದಾಗ ನಿಲ್ಲುತ್ತದೆ, ಬಂದಾಗ ನೆಲದ ಮೇಲಿದ್ದರೂ ತಾನಾಗಿ ಹೊರಡುತ್ತದೆ. ಕರೆಂಟು ಮೇಲಿಂದ ಮೇಲೆ ಹೋಗಿ ಬರುವ ಕಡೆ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ ಸ್ವಿಚ್ಚು, ಇಲ್ಲವೇ ಮರುಚಾಲನೆ ತಡೆ ಇರುವ ಮಾದರಿ ಒಂದಿಷ್ಟು ಹೆಚ್ಚು ಹಣಕ್ಕೆ ತಕ್ಕದ್ದು.

ಮಷೀನಿನ ಆಯುಷ್ಯ ಅದು ಉಣ್ಣುವ ಕರೆಂಟನ್ನೂ ಅವಲಂಬಿಸಿದೆ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರದು, ದೇಶದಲ್ಲಿ ಮೊದಲು ಹುಟ್ಟಿದ ಐದು ಇಂಥ ಸಂಘಗಳಲ್ಲಿ ಒಂದು. ಗೋಕಾಕ, ಮೂಡಲಗಿಗಳಿಗೆ ಹೆಸ್ಕಾಂನ ಲೈನು. ಲೈನು ಯಾರದಾದರೂ ಮಷೀನಿಗೆ ಬೇಕಾದದ್ದು 230 ವೋಲ್ಟ್, ಅದು ದಾರಿಯಲ್ಲಿ ಸೋರುವುದು ಬಹಳ ಸಲ ನಮ್ಮದೇ ವೈರಿನಲ್ಲಿ. ಮೀಟರಿನಿಂದ 50 ಮೀಟರ್ ದೂರದಲ್ಲಿ 2000 ವ್ಯಾಟಿನ ಕಟಾಫ್ ಮಷೀನು ನಡೆಯುತ್ತಿದೆ ಎಂದುಕೊಳ್ಳೋಣ. 1 ಚದರ ಎಂಎಂ ತಾಮ್ರದ ವೈರಿನಲ್ಲಿ ಹೋಗಿ ಬರುವಷ್ಟಕ್ಕೆ ಸುಮಾರು 16 ವೋಲ್ಟ್ ಇಳಿಯುತ್ತದೆ, 2.5 ಚದರ ಎಂಎಂ ವೈರಿನಲ್ಲಿ ಆರೇ. ವೋಲ್ಟೇಜು ಇಳಿದಾಗ ಮೋಟಾರಿನ ಸುತ್ತು ಕಡಿಮೆಯಾಗುತ್ತದೆ, ಅದರ ಮೈಗೆ ಗಾಳಿ ಬೀಸುವ ಫ್ಯಾನೂ ನಿಧಾನವಾಗುತ್ತದೆ. ಕೆಲಸಗಾರ ಇನ್ನಷ್ಟು ಒತ್ತುತ್ತಾನೆ, ಆರ್ಮೇಚರ್ ಸುಡುತ್ತದೆ. ಸುತ್ತಿಟ್ಟ ವೈರಿನ ಸಿಂಬಿಯನ್ನು ಪೂರ್ತಿ ಬಿಚ್ಚದೆ ಮಷೀನು ಓಡಿಸಿದರೆ ಸಿಂಬಿಯೇ ಕಾಯುತ್ತದೆ. ಹೊಲದ ಪಂಪಿನ ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಇಲ್ಲದ ಕಡೆ ಒಂದು ಫೇಸು, ಒಂದು ಅರ್ಥಿಂಗ್ ಹಿಡಿದು ಡ್ರಿಲ್ ಓಡಿಸುವುದು ನಿಯಮಕ್ಕೂ ಹೊರಗು, ಜೀವಕ್ಕೂ ಅಪಾಯ. ಎರಡು ಫೇಸು ತಗುಲಿದರೆ 400 ವೋಲ್ಟ್ ಹರಿದು ಮಷೀನು ಕ್ಷಣದಲ್ಲಿ ಬೂದಿ. ಕಟ್ಟಡದ ಜಾಗದಲ್ಲಿ, ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಒಂದು ಹಾಕಿಸುವ ಖರ್ಚು ಒಂದು ಸಾಧಾರಣ ಗ್ರೈಂಡರಿನದಕ್ಕಿಂತ ಹೆಚ್ಚಲ್ಲ.

ಬ್ಯಾಟರಿ ಮಷೀನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 18 ವೋಲ್ಟ್, 20 ವೋಲ್ಟ್ ಎಂಬ ಎರಡು ಬರಹ ಬಹುಪಾಲು ಒಂದೇ ಬ್ಯಾಟರಿಯವು: ಐದು ಸೆಲ್ಲುಗಳನ್ನು ತಲಾ 3.6ರಂತೆ ಎಣಿಸಿದರೆ 18, ಚಾರ್ಜಾದ ಮೇಲಿನ ಸುಮಾರು 4ರಂತೆ ಎಣಿಸಿದರೆ 20. ಹೋಲಿಸಬೇಕಾದದ್ದು ವೋಲ್ಟನ್ನು ಆಂಪಿಯರ್ ಅವರಿಗೆ ಗುಣಿಸಿದ ಅಂಕಿ. 18 ವೋಲ್ಟಿನ 4 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 72 ವ್ಯಾಟ್ ಅವರ್ ಇದೆ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂಡದು, ಆದ್ದರಿಂದ ಮೊದಲ ಮಷೀನು ಕೊಂಡಾಗಲೇ ಮುಂದಿನ ಮೂರು ನಾಲ್ಕನ್ನೂ ಅದೇ ಕಂಪನಿಯಿಂದ ಕೊಳ್ಳುವ ಹಾದಿ ಹಿಡಿದಂತೆ.

ಇನ್ನು ರಿಪೇರಿ, ಈ ಪತ್ರ ಬರೆಯಬೇಕಾಗಿ ಬಂದದ್ದು ಅದಕ್ಕೇ. ಕರೆಂಟಿನ ಮಷೀನಿನಲ್ಲಿ ಸವೆಯುವ ಭಾಗಗಳು ಬೆರಳೆಣಿಕೆಯಷ್ಟು: ಕಾರ್ಬನ್ ಬ್ರಷ್, ಸ್ವಿಚ್, ಬೇರಿಂಗ್, ವೈರು, ಡ್ರಿಲ್ಲಿಗಾದರೆ ಚಕ್. ಸುಡುವವು ಎರಡು: ಆರ್ಮೇಚರ್, ಫೀಲ್ಡ್ ಕಾಯಿಲ್. ಕಾರ್ಬನ್ನು ಮೊಂಡಾದಾಗ ಮೋಟಾರಿನ ಕಿಂಡಿಯಲ್ಲಿ ಕಿಡಿ ಉಂಗುರದಂತೆ ಸುತ್ತುತ್ತದೆ. ಆಗ ಜೋಡಿ ಕಾರ್ಬನ್ ಬದಲಿಸಿದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ಹಾಗೇ ಓಡಿಸಿದರೆ ಕಮ್ಯುಟೇಟರ್ ತಿಂದು ಆರ್ಮೇಚರಿನ ಖರ್ಚು ಬೀಳುತ್ತದೆ, ಅದು ಹೊಸ ಮಷೀನಿನ ಬೆಲೆಯ ದೊಡ್ಡ ಪಾಲು. ಹಾಗಾಗಿ ಮಷೀನಿನ ಜೊತೆಗೇ ಎರಡು ಜೋಡಿ ಕಾರ್ಬನ್ ಕೊಳ್ಳುವುದು ಒಳ್ಳೆಯದು. ಕೊಳ್ಳುವಾಗಲೇ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ‘ಇದರ ಕಾರ್ಬನ್, ಸ್ವಿಚ್, ಆರ್ಮೇಚರ್ ಕಪಾಟಿನಿಂದ ತೆಗೆದು ತೋರಿಸಿ’ ಎಂದಾಗ ಅಂಗಡಿಯವನು ತೋರಿಸಿದರೆ ಸರಿ. ‘ಬೇಕಾದಾಗ ಬೆಳಗಾವಿಯಿಂದ ತರಿಸೋಣ ಬಿಡ್ರಿ’ ಎಂದರೆ ಎಷ್ಟು ದಿನದಲ್ಲಿ ಎಂದು ಕೇಳಬೇಕು, ಆ ದಿನಗಳನ್ನು ಬೆಲೆಗೆ ಸೇರಿಸಬೇಕು.

ವಾರಂಟಿ ಎಂಬ ಚೀಟಿಯನ್ನು ಅಂಗಡಿಯಲ್ಲೇ ಓದಿಸಬೇಕು. ಸಾಮಾನ್ಯವಾಗಿ ಆರು ತಿಂಗಳೋ ಒಂದು ವರ್ಷವೋ ಇರುತ್ತದೆ. ಸವೆಯುವ ಭಾಗಗಳು, ಕಡಿಮೆ ವೋಲ್ಟೇಜಿಗೆ ಸುಟ್ಟದ್ದು, ನೀರು ಹೊಕ್ಕದ್ದು, ಹೊರಗೆ ಬಿಚ್ಚಿದ್ದು ಅದರಲ್ಲಿ ಬರುವುದಿಲ್ಲ. ಕೆಲವಕ್ಕೆ ಕೊಂಡ ಕೆಲ ದಿನಗಳೊಳಗೆ ಹೆಸರು ನೋಂದಾಯಿಸಬೇಕು. ಕಂಪನಿಯ ವಾರಂಟಿ ಬೇರೆ, ಅಂಗಡಿಯವನ ಬಾಯಿಮಾತಿನ ವಾರಂಟಿ ಬೇರೆ. ಈ ಭಾಗಕ್ಕೆ ಈ ಭೇದ ಮುಖ್ಯ, ಏಕೆಂದರೆ ಗೋಕಾಕ, ಮೂಡಲಗಿಯವರು ಬೆಳಗಾವಿಗೆ ಹೋದರೆ ಸಂಕೇಶ್ವರದ ಕಡೆಯವರಿಗೆ ಹೆದ್ದಾರಿ ಹಿಡಿದರೆ ಕೊಲ್ಹಾಪುರವೂ ಹತ್ತಿರ. ಕಂಪನಿಯ ವಾರಂಟಿಗೆ ರಾಜ್ಯದ ಗಡಿ ಅಡ್ಡಬರುವುದಿಲ್ಲ, ಮಷೀನಿನ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲಿದ್ದರೆ ಅದೇ ಕಂಪನಿಯ ಯಾವ ಸೇವಾ ಕೇಂದ್ರವೂ ನೋಡಬೇಕು. ಅಂಗಡಿಯವನ ಮಾತಿಗೆ ಮಾತ್ರ ಮತ್ತೆ ಅವನ ಬಾಗಿಲಿಗೇ ಹೋಗಬೇಕು. ಬಿಲ್ಲಿಲ್ಲದೆ ಕಡಿಮೆಗೆ ತಂದದ್ದಕ್ಕೆ ಎರಡೂ ಇಲ್ಲ. ಡಬ್ಬಿಯ ಮೇಲೆ ತಯಾರಕರು ಅಥವಾ ಆಮದುದಾರರ ಹೆಸರು ವಿಳಾಸ, ಆಮದಾದದ್ದಾದರೆ ತಯಾರಾದ ದೇಶ, ತಿಂಗಳು ವರ್ಷ, ಎಂಆರ್‌ಪಿ, ಗ್ರಾಹಕರ ದೂರಿನ ಫೋನ್ ನಂಬರ್ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಹೇಳುತ್ತವೆ. ದೊಡ್ಡ ಕಂಪನಿಯ ಹೆಸರನ್ನು ಒಂದಕ್ಷರ ತಿರುಚಿ ಬಣ್ಣ ಮಾತ್ರ ಅದರದೇ ಬಳಿದ ಮಾಲಿನಲ್ಲಿ ಇವು ಸಿಗುವುದು ಕಷ್ಟ.

ಮೂರು ತಾಲ್ಲೂಕುಗಳಿಗೆ ಒಂದು ಅನುಕೂಲವೂ ಇದೆ: ಸುತ್ತಮುತ್ತ ತಯಾರಿಕೆಯ ನಾಡೇ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮುಂದೆ ಅಲ್ಲೇ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ನೆಲಕ್ಕೆ ವಿಷ ಎಂದು ರೈತರು ಮೊದಮೊದಲು ನೇಗಿಲು ಮುಟ್ಟಲಿಲ್ಲವಂತೆ. ಆ ಹಿಂಜರಿಕೆಗೆ ನಗುವುದು ಸುಲಭ, ಆದರೆ ಕಾಣದ ವಸ್ತುವಿಗೆ ಹಣ ಹಾಕುವ ಮೊದಲು ತಡೆದು ನಿಂತ ರೈತ ಅಷ್ಟೇನೂ ತಪ್ಪು ಮಾಡಲಿಲ್ಲ. 1910ರಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಬೆಳಗಾವಿ ಬಿಟ್ಟು ಇಂದಿನ ಕಿರ್ಲೋಸ್ಕರವಾಡಿಗೆ ಹೋಯಿತು. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ, ಲೇಥಿನ ಕೆಲಸ ಇವತ್ತೂ ನಡೆದಿದೆ. ಕೊಲ್ಹಾಪುರ ಜಿಲ್ಲೆಯ ಶಿರೋಳದಲ್ಲಿ 1976ರಲ್ಲಿ ಹುಟ್ಟಿದ ಕುಲಕರ್ಣಿ ಪವರ್ ಟೂಲ್ಸ್, ಈಗಿನ ಕೆಪಿಟಿ, ಡ್ರಿಲ್, ಗ್ರೈಂಡರ್, ಬ್ಲೋವರುಗಳನ್ನು ಮಾಡುತ್ತದೆ. ಹತ್ತಿರದ್ದೆಂದೇ ಅದನ್ನು ಕೊಳ್ಳಬೇಕೆಂದಲ್ಲ. ಹೋಲಿಸುವಾಗ ಬಿಡಿಭಾಗ ಬರುವ ದೂರವೂ ಒಂದು ಲೆಕ್ಕ.

ಊರಿನ ವೈಂಡಿಂಗ್ ಅಂಗಡಿಗಳನ್ನೂ ಮರೆಯಲಾಗದು. ವಾರಂಟಿ ಮುಗಿದ ಮಷೀನಿಗೆ ಅವೇ ಗತಿ, ಮತ್ತು ಎಷ್ಟೋ ಸಲ ಕಂಪನಿಯ ಕೇಂದ್ರಕ್ಕಿಂತ ಬೇಗ. ಅಲ್ಲಿ ಕೇಳಬೇಕಾದದ್ದು ತಂತಿ ತಾಮ್ರದ್ದೇ, ದಪ್ಪ ಮತ್ತು ಸುತ್ತು ಮೊದಲಿನಷ್ಟೇ ಹಾಕುತ್ತಾರೆಯೇ, ವಾರ್ನಿಷ್ ಬೇಯಿಸಿ ಒಣಗಿಸುತ್ತಾರೆಯೇ, ಆರ್ಮೇಚರಿನ ತೂಕ ಸಮತೋಲ ನೋಡುತ್ತಾರೆಯೇ ಎಂಬುದು. ನಿಮಿಷಕ್ಕೆ 11,000 ಸುತ್ತುವ ಆರ್ಮೇಚರ್ ಕೊಂಚ ವಾಲಿದರೂ ಬೇರಿಂಗ್ ತಿನ್ನುತ್ತದೆ. ಕಳಚಿದ ಹಳೆಯ ಭಾಗವನ್ನು ವಾಪಸು ಕೇಳಿ ಪಡೆಯುವ ರೂಢಿ ಇಟ್ಟುಕೊಂಡರೆ ತಕರಾರು ಅರ್ಧ ಕಡಿಮೆ.

2019ರ ಆಗಸ್ಟಿನ ಘಟಪ್ರಭೆಯ ಮಹಾಪೂರದಲ್ಲಿ ಗೋಕಾಕದ ಪೇಟೆಗೂ ನೀರು ನುಗ್ಗಿತ್ತು. ನೀರಲ್ಲಿ ಮುಳುಗಿದ ಮಷೀನನ್ನು ‘ನಡೀತೈತೇನ’ ಎಂದು ಪ್ಲಗ್ಗಿಗೆ ಹಾಕಿ ನೋಡುವುದೇ ಅದನ್ನು ಕೊಲ್ಲುವ ಬಗೆ. ಬಿಚ್ಚಿ, ಕೆಸರು ತೊಳೆದು, ನೆರಳುಗಾಳಿಯಲ್ಲಿ ಪೂರ್ತಿ ಒಣಗಿಸಿ, ಇನ್ಸುಲೇಶನ್ ಮೆಗ್ಗರಿನಿಂದ ಪರೀಕ್ಷಿಸಿ, ಗ್ರೀಸು ಬೇರಿಂಗು ಬದಲಿಸಿದರೆ ಬಹಳಷ್ಟು ಬದುಕುತ್ತವೆ. ಮುಳುಗಿದ ಬ್ಯಾಟರಿಯನ್ನು ಮಾತ್ರ ಮತ್ತೆ ಚಾರ್ಜಿಗೆ ಹಾಕಬಾರದು.

ಹಣದ ವಿಷಯಕ್ಕೆ ಬಂದರೆ, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗ, ಕಮ್ಮಾರ, ಗೌಂಡಿಗಳ ಜೊತೆ ಸಾಂಪ್ರದಾಯಿಕ ಗೊಂಬೆ ಮಾಡುವವರೂ ಸೇರಿದ್ದಾರೆ. ಹತ್ಯಾರಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ ಅದರಲ್ಲಿದೆ. ಪುಕ್ಕಟೆ ಬಂದ ಹತ್ಯಾರಕ್ಕೂ ಬಿಲ್ಲು, ವಾರಂಟಿ ಚೀಟಿ ಕೇಳಿ ಇಟ್ಟುಕೊಳ್ಳಬೇಕು.

ಸೇವೆ ಸಿಗದಿದ್ದಾಗ ಕಾನೂನಿನ ದಾರಿ ಇದೆ. ‘ನೀವು ಧಂದೆಗೆ ಕೊಂಡಿದ್ದೀರಿ, ನೀವು ಗ್ರಾಹಕರಲ್ಲ’ ಎಂಬ ಮಾತಿಗೆ ಹೆದರಬೇಕಿಲ್ಲ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ತನ್ನ ಹೊಟ್ಟೆಪಾಡಿನ ಸ್ವಂತ ಉದ್ಯೋಗಕ್ಕೆಂದೇ ಕೊಂಡು ತಾನೇ ಬಳಸುವವನೂ ಗ್ರಾಹಕನೇ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡುವುದು ಮೊದಲ ಮೆಟ್ಟಿಲು. ಅದರಿಂದ ಬಗೆಹರಿಯದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ. ಮಾಲು ಕೊಲ್ಹಾಪುರದಲ್ಲಿ ಕೊಂಡದ್ದಿರಲಿ, ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದ್ದಿರಲಿ, ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದಾವೆ ಹಾಕಲು ಈ ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಬಿಲ್ಲು, ವಾರಂಟಿ ಚೀಟಿ, ಸೇವಾ ಕೇಂದ್ರ ಪ್ರತಿ ಸಲ ಕೊಟ್ಟ ಜಾಬ್ ಕಾರ್ಡು ಇವೇ ಸಾಕ್ಷಿ. ಜಾಬ್ ಕಾರ್ಡಿನಲ್ಲಿ ಮಷೀನು ಒಪ್ಪಿಸಿದ ದಿನಾಂಕ, ವಾಪಸು ಬಂದ ದಿನಾಂಕ ಎರಡೂ ಇವೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು. ದೋಷ ಪರೀಕ್ಷೆಯಿಂದಲೇ ಗೊತ್ತಾಗುವಂಥದ್ದಾದರೆ ಆಯೋಗವು ಮಾಲನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ, ಅದರ ಶುಲ್ಕವನ್ನು ಮೊದಲು ದೂರುದಾರನೇ ಕಟ್ಟಬೇಕಾಗುತ್ತದೆ. ಹೀಗಾಗಿ ದಾವೆಯಲ್ಲಿರುವ ಮಷೀನನ್ನು ತೀರ್ಪು ಬರುವವರೆಗೆ ಹೊರಗೆಲ್ಲೂ ಬಿಚ್ಚಿಸುವಂತಿಲ್ಲ, ನೇಮ್‌ಪ್ಲೇಟಿನ ಸೀರಿಯಲ್ ನಂಬರ್ ಅಳಿಯಲು ಬಿಡುವಂತಿಲ್ಲ.